ಕೊಡದ ಮೇಲಿನ ಹೆಸರು

ಎಪ್ಪತ್ತು ದಾಟಿದ ಮೇಲೆ ಮನೆ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಟಕೋಳದ ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಸಾಮಾನು ತುಂಬಿತ್ತು. ಹೋಗಬೇಕಾದದ್ದು ಧಾರವಾಡದಲ್ಲಿ ಮಗಳಿರುವ ಎರಡು ಕೋಣೆಯ ಮನೆಗೆ. ಹಳೆಯ ಸಾಮಾನು ಕೊಳ್ಳುವವರೊಬ್ಬರು ಹುಬ್ಬಳ್ಳಿಯಿಂದ ಬಂದು, ಒಂದೇ ತಾಸಿನಲ್ಲಿ ಎಲ್ಲಕ್ಕೂ ಬೆಲೆ ಕಟ್ಟಿದರು.

ಅವರ ಲೆಕ್ಕ ಕುತೂಹಲದ್ದು. ಐದನೇ ಜಾರ್ಜನ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗುತ್ತದೆ, ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಆದರೆ ಸಂಗ್ರಹ ಮಾಡುವವರು ಬೆಳ್ಳಿಗಿಂತ ಹೆಚ್ಚು ಕೊಡುವುದು ತಿಕ್ಕದ, ಸವೆಯದ ನಾಣ್ಯಕ್ಕೆ. ನಮ್ಮವ್ವ ಪ್ರತಿ ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಲಕ್ಷ್ಮೀಪೂಜೆಗೆ ಇಡುತ್ತಿದ್ದಳು. ಹಾಗಾಗಿ ನಮ್ಮವಕ್ಕೆ ಬರೀ ಬೆಳ್ಳಿಯ ಬೆಲೆ. ಸೇರು, ಅಚ್ಚೇರುಗಳದು ಇದಕ್ಕೆ ತದ್ವಿರುದ್ಧ. ಮೆಟ್ರಿಕ್ ಪದ್ಧತಿ ಬಂದು ಅಳೆಯುವ ಕೆಲಸ ಕಳೆದುಕೊಂಡ ಮೇಲೆ ಅವಕ್ಕೆ ಅಲಂಕಾರದ ಬೆಲೆ ಬಂದಿದೆ.

ಕೊನೆಗೆ ಒಂದು ತಾಮ್ರದ ಕೊಡ ಉಳಿಯಿತು. ಅದರ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಡೆದ ಒಂದು ಹೆಣ್ಣುಹೆಸರು.

"ಹೆಸರ ಇರದಿದ್ರ ಚಲೋ ಇತ್ರಿ ಮಾಸ್ತರ. ಇದನ್ನ ತೂಕಕ್ಕ ಹಾಕಬೇಕಾಕ್ಕೈತಿ. ನಿಮ್ಮ ಮನಿಯವರದೇನ್ರಿ?"

"ಅಲ್ಲ," ಎಂದೆ. ಅದನ್ನು ಆಚೆ ಎತ್ತಿಟ್ಟೆ.

1972ರ ಬರದಲ್ಲಿ ಆ ಕೊಡ ನಮ್ಮ ಮನೆಗೆ ಬಂತು. ಊರಿನ ಕೂಲಿಯವಳೊಬ್ಬಳು ಜೋಳಕ್ಕಾಗಿ ಒತ್ತೆ ಇಟ್ಟು ಹೋಗಿದ್ದಳು. ತವರಿನವರು ಮದುವೆಯಲ್ಲಿ ಕೊಟ್ಟದ್ದು. ಅಪ್ಪ ಜೋಳ ಅಳೆದು ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. 1976ರಲ್ಲಿ ದೇವರಾಜ ಅರಸು ಸರ್ಕಾರದ ಋಣಪರಿಹಾರ ಕಾಯ್ದೆ ಬಂತು. ಸಣ್ಣ ರೈತರ, ಭೂಮಿ ಇಲ್ಲದ ಕೂಲಿಗಳ, ದುರ್ಬಲ ವರ್ಗದವರ ಸಾಲ ರದ್ದು. ಅವರು ಒತ್ತೆ ಇಟ್ಟ ವಸ್ತು ಮರಳಿಸಬೇಕು. ಪತ್ರಿಕೆಯಲ್ಲಿ ಬಂದ ಈ ಸುದ್ದಿಯನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದವನು ನಾನೇ. "ಅವರು ಬಂದು ಕೇಳಲಿ, ಕೊಡೂಣು," ಎಂದ ಅಪ್ಪ. ಅವಳು ಬರಲಿಲ್ಲ. ಬರುವುದಿಲ್ಲವೆಂದು ನಮಗೆ ಗೊತ್ತಿತ್ತು. ಇಂದು ಕೊಡ ಕೇಳಿದವಳಿಗೆ ಮುಂದಿನ ಬರದಲ್ಲಿ ಜೋಳ ಯಾರು ಕೊಡುತ್ತಾರೆ?

ಆ ರಾತ್ರಿ ನನ್ನೊಳಗೇ ವಾದ ನಡೆಯಿತು. ಜೋಳವನ್ನು ಕೊಟ್ಟದ್ದು ನಿಜವಲ್ಲವೇ? ನಿಜ. ಹಸಿದವರು ಉಂಡರು, ಆ ಸಾಲ ತೀರಲಿಲ್ಲ. ಕಾಯ್ದೆ ಅನ್ಯಾಯದ್ದು ಎಂದು ಅಪ್ಪ ಬಹಿರಂಗವಾಗಿ ಹೇಳಿದ್ದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು. ನಾವು ವಿರೋಧಿಸಲಿಲ್ಲ, ಪಾಲಿಸಲೂ ಇಲ್ಲ, ಕೇಳಿಸದವರಂತೆ ಕುಳಿತೆವು. ಐವತ್ತು ವರ್ಷವಾಯಿತಲ್ಲ ಎಂಬುದು ಇನ್ನೊಂದು ಮಾತು. ಕಾಲ ಕಳೆದಂತೆ ವಸ್ತುವಿನ ಬೆಲೆ ಏರುವುದಾದರೆ, ಅದರ ಮೇಲಿನ ಹಕ್ಕು ಮಾತ್ರ ಯಾಕೆ ಇಳಿಯಬೇಕು?

2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಶಯನಗೃಹದ ಖಡ್ಗ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ತೆಗೆದುಕೊಂಡು ಹೋಗಿ, ದಾಳಿಯ ಮುಂದಾಳು ಬೇರ್ಡನಿಗೆ ಒಪ್ಪಿಸಿದ ಖಡ್ಗ ಅದು. ಯಾರಿಂದ ಬಂತು, ಹೇಗೆ ಬಂತು ಎಂಬ ಆ ಕಥೆಯೇ ಅದರ ಬೆಲೆ ಏರಿಸಿತು. ನಮ್ಮ ಅಟ್ಟದಲ್ಲಿ ಅದೇ ಬಗೆಯ ಕಥೆ ಬೆಲೆ ಇಳಿಸುತ್ತಿತ್ತು. ರಾಜನ ಹೆಸರಾದರೆ ಇತಿಹಾಸ, ಕೂಲಿಯವಳ ಹೆಸರಾದರೆ ಲೋಹಕ್ಕೆ ಬಿದ್ದ ಕಲೆ. ಎರಡೂ ಕಡೆ ಬೆಲೆ ಕಟ್ಟುವವರು ಕೇಳುವುದು "ಎಷ್ಟು" ಎಂದು. "ಯಾರದು" ಎಂಬ ಪ್ರಶ್ನೆಯೂ ಆ "ಎಷ್ಟು" ತಿಳಿಯಲಿಕ್ಕೆ ಮಾತ್ರ. ವ್ಯಾಪಾರಿಯನ್ನು ದೂರಿ ಫಲವಿಲ್ಲ. ಬೆಲೆ ಹೇಳುವುದಷ್ಟೇ ಅವರ ಕೆಲಸ. "ಯಾರದು" ಎಂದು ನಿಜವಾಗಿ ಕೇಳಬೇಕಾದವನು ಮನೆ ಖಾಲಿ ಮಾಡುವವನು. ಅವನ ನಂತರ ಕೇಳಲಿಕ್ಕೆ ಗೊತ್ತಿರುವವರು ಇರುವುದಿಲ್ಲ. ನನ್ನ ಮಗಳಿಗೆ ಅದು ಅಟ್ಟದ ಮೇಲಿನ ಒಂದು ಕೊಡ, ಅಷ್ಟೇ.

ಮರುದಿನ ಕೊಡ ಹಿಡಿದುಕೊಂಡು ಹೋದೆ. ಅವಳು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗಳು ಕೊಡವನ್ನು ತಿರುಗಿಸಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ನಾನು ಎಲ್ಲ ಹೇಳಿದೆ, ಪತ್ರಿಕೆ ಓದಿದ್ದನ್ನೂ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಾವು ಈಗ ಫಿಲ್ಟರ್ ನೀರ ತರತೀವ್ರಿ ಮಾಸ್ತರ. ಇದನ್ನ ಇಟ್ಟ ಏನ ಮಾಡೂದು? ತಾಮ್ರ ಕಿಲೋಕ್ಕ ಎಷ್ಟೈತ್ರಿ ಈಗ?"

ಒಂದು ಕ್ಷಣ ಮನಸ್ಸು ಮುದುಡಿತು. ಅವಳು ಕೊಡವನ್ನು ಎದೆಗೊತ್ತಿಕೊಂಡು ಅಳುತ್ತಾಳೆ, ನನ್ನ ಐವತ್ತು ವರ್ಷದ ಮೌನ ತೊಳೆದುಹೋಗುತ್ತದೆ ಎಂದು ಒಳಗೊಳಗೆ ಕಾದಿದ್ದೆನೋ ಏನೋ. ಆಮೇಲೆ ನಾಚಿಕೆಯಾಯಿತು. ಕೊಡವನ್ನು ಮರಳಿಸಿ, ಅದನ್ನು ಹೇಗೆ ಇಟ್ಟುಕೊಳ್ಳಬೇಕೆಂದು ನಾನು ತೀರ್ಮಾನಿಸುವುದಾದರೆ, ಅದು ಇನ್ನೂ ನಮ್ಮ ಅಟ್ಟದಲ್ಲೇ ಇದ್ದಂತೆ. "ಎಷ್ಟು" ಎಂದು ಕೇಳುವುದು ಈಗ ಅವಳ ಹಕ್ಕು.

ಹುಬ್ಬಳ್ಳಿಯವರ ನಂಬರು ಬರೆದು ಕೊಟ್ಟೆ. ತೂಕ ಮಾಡುವಾಗ ಎದುರಿಗೇ ನಿಂತಿರು ಎಂದೂ ಹೇಳಿದೆ.