ಹೊಸ ಮನೆ, ನೆರೆಮನೆಯ ಹೆಪ್ಪು

(ವಾಚನಕ್ಕೆ: ಅರಸುಗಳು – ಭಾಗ II, 4:1-7)



ಹೊಸ ಮನೆಗೆ ಬಂದಿದ್ದೀರಿ. ಸ್ವಂತದ್ದೋ ಬಾಡಿಗೆಯದೋ, ಅಂತೂ ದೇವರು ಒಂದು ಸೂರು ಕೊಟ್ಟಿದ್ದಾರೆ. ಗುರುಗಳು ಬಂದು ಕೋಣೆ ಕೋಣೆಗೂ ತೀರ್ಥ ಚಿಮುಕಿಸಿ ಮನೆಯನ್ನು ಆಶೀರ್ವದಿಸಿದ್ದಾರೆ. ನಡುಮನೆಯ ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಅದರ ಮುಂದೆ ದೀಪ. ನೆಂಟರಿಷ್ಟರು ಉಂಡು ಹರಸಿ ಹೋಗಿದ್ದಾರೆ. ಎಲ್ಲವೂ ಆಯಿತು. ಆದರೆ ಒಂದು ಪ್ರಶ್ನೆ: ಎಡಗಡೆ ಮನೆಯವರ ಹೆಸರೇನು? ಬಲಗಡೆ ಮನೆಯಲ್ಲಿ ಎಷ್ಟು ಜನರಿದ್ದಾರೆ?

‘ಗೊತ್ತಿಲ್ಲ’ ಎಂಬುದೇ ಅನೇಕರ ಉತ್ತರ. ಊರಿನಲ್ಲಿದ್ದಾಗ ಹೀಗಿರಲಿಲ್ಲ. ಯಾರ ಮನೆಯ ಹಸು ಕರು ಹಾಕಿತು, ಯಾರ ಮಗಳಿಗೆ ಗಂಡು ನೋಡಲು ಬಂದರು ಎಂಬುದು ಬೀದಿಗೆಲ್ಲ ತಿಳಿದಿರುತ್ತಿತ್ತು. ಪಟ್ಟಣದ ಬಡಾವಣೆಗೆ ಬಂದ ಮೇಲೆ ಎರಡು ಮನೆಗೆ ಒಂದೇ ಗೋಡೆಯಿದ್ದರೂ ಮಾತುಕತೆಯಿಲ್ಲ. ‘ನಾವು ಯಾರ ತಂಟೆಗೂ ಹೋಗುವುದಿಲ್ಲ, ಯಾರ ಹಂಗೂ ನಮಗೆ ಬೇಡ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರೂ ಉಂಟು. ಇದು ನಿಜವಾಗಿಯೂ ಹೆಮ್ಮೆಪಡುವ ವಿಷಯವೇ?

ಪ್ರವಾದಿ ಎಲೀಷನ ಬಳಿಗೆ ಒಬ್ಬ ವಿಧವೆ ಅಳುತ್ತಾ ಬಂದಳು. ಗಂಡ ತೀರಿಕೊಂಡಿದ್ದ. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ನಿಂತಿದ್ದ. ಮನೆಯಲ್ಲಿ ಉಳಿದಿದ್ದುದು ಒಂದು ಕುಡಿಕೆ ಎಣ್ಣೆ ಮಾತ್ರ. ಎಲೀಷನು ಹೇಳಿದ್ದೇನು? ನೆರೆಹೊರೆಯವರೆಲ್ಲರ ಮನೆಗೆ ಹೋಗಿ ಬರಿದಾದ ಪಾತ್ರೆಗಳನ್ನು ಕೇಳಿ ತರಬೇಕು, ಅದೂ ಒಂದೆರಡಲ್ಲ, ಬಹಳಷ್ಟು. ಅವಳು ತಂದಳು. ಬಾಗಿಲು ಮುಚ್ಚಿ ಎಣ್ಣೆ ಹೊಯ್ಯತೊಡಗಿದಳು. ಪಾತ್ರೆಗಳೆಲ್ಲ ತುಂಬಿದವು. ಇನ್ನೊಂದು ಪಾತ್ರೆ ಕೊಡಲು ಮಗನಿಗೆ ಹೇಳಿದಾಗ ಮಗನ ಬಳಿ ಪಾತ್ರೆಯೇ ಉಳಿದಿರಲಿಲ್ಲ. ಆಗ ಎಣ್ಣೆ ನಿಂತುಹೋಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಎಣ್ಣೆಯನ್ನು ಹೆಚ್ಚಿಸಿದ ದೇವರಿಗೆ ಪಾತ್ರೆಗಳನ್ನು ಕೊಡುವುದು ಕಷ್ಟವಾಗಿತ್ತೇ? ಆದರೂ ಅವರು ಆ ತಾಯಿಯನ್ನು ನೆರೆಯವರ ಬಾಗಿಲಿಗೆ ಕಳುಹಿಸಿದರು. ಸಾಲಗಾರಳೆಂಬ ಹೆಸರು ಹೊತ್ತವಳು ಮನೆ ಮನೆಯ ಬಾಗಿಲು ತಟ್ಟಬೇಕಾಯಿತು. ‘ಯಾರ ಹಂಗೂ ಬೇಡ’ ಎಂದು ಅವಳು ಬಾಳಿದ್ದರೆ ಅಂದು ಎಷ್ಟು ಪಾತ್ರೆ ಸಿಗುತ್ತಿತ್ತು? ನೆರೆಯವರು ಕೊಟ್ಟದ್ದು ಬರೀ ಖಾಲಿ ಪಾತ್ರೆ. ಆದರೆ ಇಬ್ಬರು ಮಕ್ಕಳ ಬಿಡುಗಡೆ ಆ ಖಾಲಿ ಪಾತ್ರೆಗಳ ಮೇಲೆ ನಿಂತಿತ್ತು!

ಕೊಡುವುದು ಸುಲಭ, ಕೇಳುವುದು ಕಷ್ಟ. ಕೊಡುವಾಗ ನಮ್ಮ ಕೈ ಮೇಲಿರುತ್ತದೆ. ಆದರೆ ಯೇಸುಸ್ವಾಮಿ ಸಮಾರಿಯದ ಬಾವಿಯ ಬಳಿ ಮಾತಿಗೆ ತೊಡಗಿದ್ದು ಕುಡಿಯಲು ನೀರು ಕೇಳುವ ಮೂಲಕ (ಯೊವಾನ್ನ 4). ಯೆಹೂದ್ಯರಿಗೂ ಸಮಾರಿಯದವರಿಗೂ ಹೊಕ್ಕುಬಳಕೆಯೇ ಇಲ್ಲದ ಕಾಲವದು. ಒಂದು ಗುಟುಕು ನೀರಿನಿಂದ ಶುರುವಾದ ಆ ಪರಿಚಯ ಎಲ್ಲಿಗೆ ಮುಟ್ಟಿತು? ಊರಿನವರೇ ಬಂದು ಕರೆದರು. ಯೇಸು ಎರಡು ದಿನ ಅವರೊಡನೆ ತಂಗಿದರು.

ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಿಸುವ ರೂಢಿ ನಮ್ಮಲ್ಲಿ ಅನೇಕರಿಗಿದೆ. ಆ ಹಾಲು ಮೊಸರಾಗಬೇಕಾದರೆ ಹೆಪ್ಪು ಬೇಕು. ಅಂಗಡಿಯಲ್ಲಿ ಮೊಸರಿನ ಪ್ಯಾಕೆಟ್ ಸಿಗುತ್ತದೆ, ನಿಜ. ಆದರೂ ಪಕ್ಕದ ಮನೆಯ ಬಾಗಿಲು ತಟ್ಟಿ, ‘ಅಕ್ಕಾ, ಒಂದು ಚಮಚ ಹೆಪ್ಪು ಕೊಡ್ತೀರಾ?’ ಎಂದು ಕೇಳಿ ನೋಡಿ. ದೀಪ ಹಚ್ಚಿದ ಮೇಲೆ ಹಾಲು ಮೊಸರನ್ನು ಹೊರಗೆ ಕೊಡದ ಮನೆಗಳುಂಟು. ಆದ್ದರಿಂದ ಹಗಲಲ್ಲೇ ಕೇಳಿ. ನೀವು ಕೇಳಿದ್ದರಿಂದ ನಾಳೆ ನಿಮ್ಮನ್ನು ಕೇಳಲು ಅವರಿಗೂ ಸಂಕೋಚವಿರುವುದಿಲ್ಲ. ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾಲ್ಕು ಚಕ್ಕುಲಿಯೋ ಒಂದು ಹಿಡಿ ಕರಿಬೇವೋ ಇಟ್ಟು ಕೊಟ್ಟರೆ ಬಟ್ಟಲು ಮತ್ತೆ ಬರುತ್ತದೆ, ನೆಂಟಸ್ತಿಕೆ ಬೆಳೆಯುತ್ತದೆ.

‘ಅವರು ಬೇರೆ ಧರ್ಮದವರಲ್ಲವೇ?’ ಎಂದು ಕೆಲವರು ಹಿಂಜರಿಯಬಹುದು. ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ವಿಭಾಗವು 1967ರಿಂದ ಮುಸ್ಲಿಂ ಬಾಂಧವರಿಗೆ ರಂಜಾನ್ ಸಂದೇಶವನ್ನೂ, 1995ರಿಂದ ಹಿಂದೂ ಬಾಂಧವರಿಗೆ ದೀಪಾವಳಿ ಸಂದೇಶವನ್ನೂ ಕಳುಹಿಸುತ್ತಾ ಬಂದಿದೆ. ದೂರದ ರೋಮಿನಿಂದ ಶುಭಾಶಯ ಬರುತ್ತದೆ. ಗೋಡೆಯಾಚೆಯ ಮನೆಗೆ ನಮ್ಮಿಂದ ಹೋಗಿದೆಯೇ? ಸಂಕ್ರಾಂತಿಗೆ ಅವರ ಮಕ್ಕಳು ಎಳ್ಳುಬೆಲ್ಲ ತಂದಾಗ ಬಾಗಿಲಲ್ಲೇ ನಿಲ್ಲಿಸಿ ಕಳುಹಿಸಬೇಡಿ. ಒಳಗೆ ಕರೆದು ಕೂರಿಸಿ. ಕ್ರಿಸ್ತಜಯಂತಿಗೆ ನಿಮ್ಮ ಮನೆಯ ಕಜ್ಜಾಯ ಅವರ ಮನೆಗೆ ಹೋಗಲಿ.

ಎಲ್ಲ ಬಾಗಿಲುಗಳೂ ಒಮ್ಮೆಗೇ ತೆರೆಯುವುದಿಲ್ಲ. ತೆರೆಯದವರ ಮೇಲೆ ಬೇಸರ ಬೇಡ. ತೆರೆದ ಮನೆಯ ಮಾತನ್ನು ಇನ್ನೊಂದು ಮನೆಗೆ ಸಾಗಿಸುವುದಂತೂ ಬೇಡವೇ ಬೇಡ. ವಿಧವೆ ಎಣ್ಣೆ ಹೊಯ್ಯುವಾಗ ಬಾಗಿಲು ಮುಚ್ಚಿದ್ದಳೆಂಬುದನ್ನು ನೆನಪಿಡಿ: ಮನೆಗೆ ತನ್ನದೇ ಆದ ಪ್ರಾರ್ಥನೆಯ ಹೊತ್ತೂ ಬೇಕು, ಗುಟ್ಟೂ ಬೇಕು.

ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದರೆ ಪರದೇಶದಲ್ಲಿರುವ ಮಗ ಫೋನಿನಲ್ಲಿ ಅಳಬಲ್ಲನೇ ಹೊರತು ಎತ್ತಿ ಆಟೋದಲ್ಲಿ ಕೂರಿಸಲಾರ. ಓಡಿ ಬರುವವರು ನೆರೆಯವರೇ. ಕಷ್ಟಕಾಲದಲ್ಲಿ ದೂರದ ಒಡಹುಟ್ಟಿದವರಿಗಿಂತ ಹತ್ತಿರದ ನೆರೆಯವರನ್ನು ನೆಚ್ಚುವಂತೆ ಜ್ಞಾನೋಕ್ತಿಗಳ ಗ್ರಂಥವೂ (27:10) ತಿಳಿಸುತ್ತದೆ. ಆದರೆ ಹೆಸರೇ ತಿಳಿಯದವರನ್ನು ಆ ಹೊತ್ತಿನಲ್ಲಿ ಏನೆಂದು ಕೂಗುತ್ತೀರಿ?

ಈ ವಾರ ಹೀಗೆ ಮಾಡಿ. ಎರಡು ಪಕ್ಕದ ಮನೆಯವರ ಹೆಸರು ಕೇಳಿ ತಿಳಿಯಿರಿ. ಚಿಕ್ಕದೊಂದು ಸಹಾಯ ಕೇಳಿ. ಸಂಜೆ ಮನೆಮಂದಿಯೆಲ್ಲ ಜಪಸರ ಹೇಳುವಾಗ ಅವರನ್ನು ಹೆಸರು ಹಿಡಿದು ದೇವರಿಗೊಪ್ಪಿಸಿ.

ಓ ಪ್ರಭುವೇ, ನಮಗೆ ಮನೆ ಕೊಟ್ಟಿರಿ, ನೆರೆಯನ್ನೂ ಕೊಟ್ಟಿರಿ. ನಾಚಿಕೆಯಿಲ್ಲದೆ ಕೇಳುವ ಸರಳತೆಯನ್ನೂ ಬೇಸರವಿಲ್ಲದೆ ಕೊಡುವ ಮನಸ್ಸನ್ನೂ ನಮಗೆ ದಯಪಾಲಿಸಿರಿ. ಆಮೆನ್.