ಇಲ್ಲದ ಅಕ್ಕನ ಸರದಿ

ಹಾಸನದಲ್ಲಿ ಕರೆಂಟ್ ಹೋದರೆ ಮೈಸೂರಿನಲ್ಲಿ ನನ್ನ ಚೌಕಾಬಾರ ನಿಂತುಹೋಗುತ್ತಿತ್ತು. ಬ್ರೌಸರ್‌ನಲ್ಲಿ ನಾಲ್ಕು ಜನ ಕೂತು ಆಡುವ ಸಣ್ಣ ಆಟ; ಐದೈದರ ಮನೆ, ನಾಲ್ಕು ಕವಡೆ, ತಲೆಗೆ ನಾಲ್ಕು ಕಾಯಿ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಜಾವಾಸ್ಕ್ರಿಪ್ಟ್ ಕಲಿತು ಮನೆಮಂದಿಗೆಂದು ಬರೆದದ್ದು. ಒಂದು ಭಾನುವಾರ ಅಕ್ಕನ ಕೊನೆಯ ಕಾಯಿ ಹಣ್ಣಾಗಲು ಎರಡು ಮನೆ ಇರುವಾಗ ಸಂಪರ್ಕ ಕಡಿಯಿತು. ಅವಳು ಮರಳಿ ಬಂದರೆ ಸರ್ವರ್ ಹೊಸಬಳೆಂದು ತಿಳಿದು ನಾಲ್ಕೂ ಕಾಯಿಗಳನ್ನು ಮೊದಲ ಮನೆಯಲ್ಲಿಟ್ಟು ಕೊಟ್ಟಿತು. ಅಕ್ಕ ಫೋನ್ ಮಾಡಿ, "ಏನೋ, ನಾನು ಸತ್ತು ಹುಟ್ಟಿದೆನೇನೋ?" ಅಂದಳು.

ತಪ್ಪು ನನ್ನದೇ. ಖಾಲಿ ಜಾಗ ಎಂದರೆ 'ನಲ್' ಎಂದು ಬರೆದು ಸುಮ್ಮನಾಗಿದ್ದೆ. ಇನ್ನೂ ಬಾರದವರದ್ದೂ ನಲ್, ಬಂದು ಹೋದವರದ್ದೂ ನಲ್. ಈ ನಲ್‌ಗೊಬ್ಬ ಜನಕನಿದ್ದಾನೆ. ಕೊಲಂಬೊದಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಲ್ಯಾಟಿನ್, ಗ್ರೀಕ್‌ಗಳ ಜೊತೆ ತತ್ತ್ವಶಾಸ್ತ್ರ ಓದಿದ ಟೋನಿ ಹೋರ್. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ಇದನ್ನು ಸೇರಿಸಿದರು, ಸೇರಿಸುವುದು ಬಹಳ ಸುಲಭವಿತ್ತೆಂಬ ಕಾರಣಕ್ಕೆ. 2009ರಲ್ಲಿ ಅದನ್ನೇ ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಒಪ್ಪಿಕೊಂಡರು. ತತ್ತ್ವಶಾಸ್ತ್ರ ಓದಿದವರೇ ಹೀಗಾದರೆ ಬ್ಯಾಂಕ್ ಗುಮಾಸ್ತನ ಪಾಡೇನು?

ಆದರೆ ನನಗೆ ನೆಪವಿಲ್ಲ. ಬೇಸಿಗೆ ರಜೆಯಲ್ಲಿ ತಾತ ಜಗಲಿಯ ಮೇಲೆ ಕೂರಿಸಿಕೊಂಡು ಅನ್ನಂಭಟ್ಟನ ತರ್ಕಸಂಗ್ರಹ ಹೇಳಿಕೊಟ್ಟಿದ್ದರು. ಅಭಾವ ನಾಲ್ಕು ಬಗೆ. ಮಾಡುವುದಕ್ಕೆ ಮುಂಚೆ ಮಡಕೆ ಇಲ್ಲದಿರುವುದು ಪ್ರಾಗಭಾವ. ಅದಕ್ಕೆ ಮೊದಲಿಲ್ಲ, ಕೊನೆಯಿದೆ. ಒಡೆದ ಮೇಲೆ ಇಲ್ಲದಿರುವುದು ಪ್ರಧ್ವಂಸಾಭಾವ. ಅದಕ್ಕೆ ಮೊದಲಿದೆ, ಕೊನೆಯಿಲ್ಲ. ಗಾಳಿಗೆ ಬಣ್ಣ ಎಂದೆಂದೂ ಇಲ್ಲ, ಅದು ಅತ್ಯಂತಾಭಾವ. ಮಡಕೆ ಬಟ್ಟೆಯಲ್ಲ ಎಂಬುದು ಅನ್ಯೋನ್ಯಾಭಾವ. ಮೊದಲ ಮೂರಕ್ಕೆ ಕನ್ನಡದಲ್ಲಿ 'ಇಲ್ಲ', ನಾಲ್ಕನೆಯದಕ್ಕೆ 'ಅಲ್ಲ'. ಶಾಲೆಯ ಮೆಟ್ಟಿಲು ಹತ್ತದ ನಮ್ಮಜ್ಜಿ ಈ ಎರಡನ್ನು ಒಮ್ಮೆಯೂ ಅದಲುಬದಲು ಮಾಡಿದವರಲ್ಲ. ನನ್ನ ಸರ್ವರ್ ಎರಡು ತಪ್ಪನ್ನೂ ಒಟ್ಟಿಗೆ ಮಾಡಿತ್ತು: ಹೋದವಳನ್ನು ಇನ್ನೂ ಬಂದಿಲ್ಲ ಅಂದಿತು, ಬಂದವಳನ್ನು ಅವಳಲ್ಲ ಅಂದಿತು.

"ಇಲ್ಲ" ಅಂದರೆ ತಾತ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಯಾವುದು ಇಲ್ಲ? ಎಲ್ಲಿ ಇಲ್ಲ? ಅಭಾವಕ್ಕೆ ಪ್ರತಿಯೋಗಿ ಬೇಕು, ಅಧಿಕರಣ ಬೇಕು. ನಲ್ ಯಾವುದರ ಅಭಾವವೆಂದು ಬಾಯಿಬಿಡುವುದಿಲ್ಲ. ರಸ್ಟ್ ಭಾಷೆಯ 'ಆಪ್ಷನ್' ಕೊಂಚ ಮೇಲು: ಇಲ್ಲದ್ದು ಆಟಗಾರನೋ ಕವಡೆಯೋ ಎಂಬುದು ಟೈಪ್‌ನಲ್ಲೇ ಇರುತ್ತದೆ. ಜಾವಾಸ್ಕ್ರಿಪ್ಟನ್ನು ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತೇ ದಿನದಲ್ಲಿ ಕಟ್ಟಿದ್ದು; ಅದರಲ್ಲಿ ನಲ್ ಜೊತೆಗೆ 'ಅನ್‌ಡಿಫೈನ್ಡ್' ಬೇರೆ. ಎರಡು ಶೂನ್ಯ ಯಾಕೆಂದು ಎಲ್ಲರೂ ನಗುತ್ತಾರೆ. ಎರಡು ಕಡಿಮೆಯಾಯಿತೆಂದು ನನ್ನ ದೂರು. ನಲ್ ಎಂಥದ್ದು ಎಂದು ಆ ಭಾಷೆಯನ್ನೇ ಕೇಳಿದರೆ 'ಆಬ್ಜೆಕ್ಟ್' ಅನ್ನುತ್ತದೆ. ಇದು ಪ್ರಸಿದ್ಧ ಹಳೆಯ ದೋಷ. ಅಭಾವವನ್ನು ಏಳನೆಯ ಪದಾರ್ಥವೆಂದು ಎಣಿಸುವ ತಾತ ಮಾತ್ರ, ಸರಿಯಾಗಿಯೇ ಹೇಳಿದೆಯಲ್ಲ, ಅನ್ನುತ್ತಿದ್ದರು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ ಇದನ್ನೆಲ್ಲ ಕೇಳಿ, "ಮಾವ, ಇಲ್ಲದೋರನ್ನ ಯಾಕೆ ಬರೆದಿಡ್ತೀರ? ಇರೋರ ಪಟ್ಟಿ ಇಟ್ಟರೆ ಸಾಕು" ಅಂದ. ಹುಡುಗನಿಗೆ ಗೊತ್ತಿಲ್ಲದೆಯೇ ಪ್ರಾಭಾಕರ ಮೀಮಾಂಸಕನಾಗಿದ್ದ. ಮಡಕೆಯ ಅಭಾವ ಎಂದೇನೂ ಬೇರೆ ಇಲ್ಲ, ಕಾಣುವುದು ಬರಿಯ ನೆಲ ಅಷ್ಟೆ ಎನ್ನುವುದು ಅವರ ವಾದ. ವಾದ ಚೊಕ್ಕಟವಾಗಿದೆ, ಕೋಡ್ ಕೂಡ ಚಿಕ್ಕದಾಗುತ್ತದೆ. ಆದರೆ ಸರದಿ ನಿಮ್ಮಮ್ಮನದು, ಅವಳಿಗಾಗಿ ಕಾಯಬೇಕು ಎಂಬುದು ಪಟ್ಟಿಗೆ ಹೇಗಪ್ಪಾ ಗೊತ್ತಾಗುತ್ತದೆ? ಬರಿಯ ನೆಲ ಯಾರಿಗೂ ಕಾಯುವುದಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೊಂದು ಟೈಮರ್ ಇಡಿ" ಅಂದ.

ಟೈಮರ್ ಇಟ್ಟೆ. ಕರೆಂಟ್ ಹೋದ ಅಕ್ಕ ಒಡೆದ ಮಡಕೆಯಲ್ಲ. ಪಕ್ಕಕ್ಕೆತ್ತಿಟ್ಟು ಮತ್ತೆ ತಂದ ಮಡಕೆ. ಅಂಥದ್ದಕ್ಕೆ ಸಾಮಯಿಕಾಭಾವವೆಂಬ ಐದನೆಯ ಬಗೆಯನ್ನು ಕೆಲವು ನೈಯಾಯಿಕರು ಒಪ್ಪುತ್ತಾರೆ, ಮಿಕ್ಕವರು ಒಪ್ಪುವುದಿಲ್ಲ. ನಾನು ಒಪ್ಪಿದೆ. ಮೂರು ನಿಮಿಷದವರೆಗೆ ಸಾಮಯಿಕ, ದಾಟಿದರೆ ಧ್ವಂಸ, ಕಾಯಿಗಳೆಲ್ಲ ಪಟದಿಂದಾಚೆ ಎಂದು ಬರೆದೆ. ಮೂರೇ ಯಾಕೆ ಎಂಬುದಕ್ಕೆ ಯಾವ ಶಾಸ್ತ್ರದಲ್ಲೂ ಆಧಾರವಿಲ್ಲ. ತಮ್ಮ ಮನೆಯ ಯುಪಿಎಸ್ ಹಳೆಯದೆಂದು ಅಕ್ಕ ಹಟ ಹಿಡಿದ ಮೇಲೆ ಅದೀಗ ಹತ್ತು ನಿಮಿಷ.