ಎಲ್ಲರಂಥ ಮುಖ

ಬಾಂಗ್ ಜೂನ್-ಹೋ ಅವರ ಕೊರಿಯನ್ ಚಿತ್ರ 'ಮೆಮೊರೀಸ್ ಆಫ್ ಮರ್ಡರ್' (2003) ಮುಗಿಯುವುದು ಗದ್ದೆ ಪಕ್ಕದ ಒಂದು ಮೋರಿಯ ಬಳಿ. 1986ರಲ್ಲಿ ಅದೇ ಮೋರಿಯೊಳಗೆ ಹೆಣ್ಣೊಬ್ಬಳ ಶವ ಕಂಡಿದ್ದ ಪತ್ತೇದಾರ ಪಾರ್ಕ್ ಈಗ ಪೊಲೀಸ್ ಕೆಲಸ ಬಿಟ್ಟು ವ್ಯಾಪಾರಕ್ಕಿಳಿದಿದ್ದಾನೆ. ದಾರಿಯಲ್ಲಿ ಗಾಡಿ ನಿಲ್ಲಿಸಿ, ಬಗ್ಗಿ ಇಣುಕುತ್ತಾನೆ. ಏನೂ ಇಲ್ಲ. ಅತ್ತ ಬಂದ ಪುಟ್ಟ ಹುಡುಗಿ, ಮೊನ್ನೆ ಇನ್ನೊಬ್ಬನೂ ಹೀಗೇ ಇಣುಕಿದ್ದ, ಹಿಂದೆಂದೋ ತಾನಿಲ್ಲಿ ಮಾಡಿದ್ದು ನೆನಪಾಗಿ ಬಂದನಂತೆ ಅನ್ನುತ್ತಾಳೆ. ಮುಖ ಹೇಗಿತ್ತು? ಎಲ್ಲರ ಹಾಗೆಯೇ. ಆಗ ಪಾರ್ಕ್ ಪಾತ್ರದ ಸಾಂಗ್ ಕಾಂಗ್-ಹೋ ತಿರುಗಿ ನೇರ ನಮ್ಮನ್ನೇ ನೋಡುತ್ತಾರೆ.

ಚಿತ್ರದ ಹಿಂದಿರುವುದು ಹ್ವಾಸಾಂಗ್‌ನಲ್ಲಿ 1986ರಿಂದ 1991ರವರೆಗೆ ನಡೆದ ನಿಜವಾದ ಕೊಲೆಗಳು. ಸಿಕ್ಕದ ಕೊಲೆಗಾರ ಚಿತ್ರ ನೋಡಲು ಬಂದರೆ ಈ ನೋಟ ಅವನಿಗೆ ತಾಗಲಿ ಎಂಬುದು ನಿರ್ದೇಶಕರ ಆಸೆಯಾಗಿತ್ತು. 2019ರಲ್ಲಿ ಡಿಎನ್‌ಎ ಪರೀಕ್ಷೆ ಲೀ ಚೂನ್-ಜೇಯತ್ತ ಬೆರಳು ತೋರಿತು. ನಾದಿನಿಯನ್ನು ಕೊಂದು 1994ರಿಂದಲೇ ಜೈಲಿನಲ್ಲಿದ್ದವನು. ಸಿನಿಮಾವನ್ನು ಅಲ್ಲೇ ನೋಡಿದ್ದೆ, ಏನೂ ಅನ್ನಿಸಲಿಲ್ಲ ಎಂದು ನ್ಯಾಯಾಲಯದಲ್ಲಿ ಹೇಳಿದ. ಹಾಗಾದರೆ ಆ ಕೊನೆಯ ನೋಟಕ್ಕೆ ಇನ್ನೇನು ಕೆಲಸ?

ಅದರ ಕೆಲಸ ಈಗ ಶುರುವಾಗಿದೆ ಎಂದು ನಾನು ನಂಬಿದ್ದೇನೆ. ಕಣ್ಣಿಗೆ ಕಣ್ಣಿಟ್ಟು ನೋಡಿದರೆ ತಪ್ಪಿತಸ್ಥ ಯಾರೆಂದು ಗೊತ್ತಾಗುತ್ತದೆ ಎಂಬುದು ಪಾರ್ಕ್‌ನ ಹೆಮ್ಮೆ. ನಾವೂ ದಿನಕ್ಕೊಮ್ಮೆ ಆಡುವ ಮಾತೇ ಅದು: ಮುಖ ನೋಡಿದರೇ ತಿಳಿಯುತ್ತೆ. ಆ ನಂಬಿಕೆಯ ಬಲದಿಂದಲೇ ಅವನು ಬುದ್ಧಿ ಬೆಳೆಯದ ಹುಡುಗನನ್ನು ಹಿಡಿದು ತರುತ್ತಾನೆ, ಅವನ ಶೂವಿನಿಂದ ಸುಳ್ಳು ಹೆಜ್ಜೆಗುರುತು ಒತ್ತುತ್ತಾನೆ. ಕೊನೆಗೆ ಮಳೆಯಲ್ಲಿ, ರೈಲು ಸುರಂಗದ ಬಾಯಲ್ಲಿ, ಅಮೆರಿಕದಿಂದ ಬಂದ ಡಿಎನ್‌ಎ ವರದಿ ಕೈಕೊಟ್ಟಾಗ, ಇನ್ನೊಬ್ಬ ಶಂಕಿತನ ಮುಖವನ್ನು ಎಳೆದು ದಿಟ್ಟಿಸಿ, ತನಗೇನೂ ತಿಳಿಯುತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಕೊನೆಗೆ ನಮ್ಮತ್ತ ತಿರುಗುವುದು ಆ ಹೆಮ್ಮೆ ಕಳೆದುಕೊಂಡ ಕಣ್ಣು. ಅದರಲ್ಲಿ ನನಗೆ ಆರೋಪ ಕಾಣುವುದಿಲ್ಲ, ದಿಗಿಲು ಕಾಣುತ್ತದೆ.

ಉತ್ತರ ಸಿಗದ ಮುಕ್ತಾಯ ನಮ್ಮನ್ನು ಕಾಡುತ್ತದೆ, ಯಾರಾದರೂ ಸಿಕ್ಕಿಬಿಡಲಿ ಅನ್ನಿಸುತ್ತದೆ. ಹ್ವಾಸಾಂಗ್‌ನಲ್ಲಿ ಹಾಗೆ 'ಸಿಕ್ಕವನು' ಒಬ್ಬನಿದ್ದ. 1988ರ ಎಂಟನೆಯ ಕೊಲೆಗೆ ಮರುವರ್ಷ ಒಬ್ಬ ಯುವಕನನ್ನು ಹಿಡಿದು, ನಿದ್ದೆಗೆಡಿಸಿ, ತಪ್ಪೊಪ್ಪಿಗೆ ಬರೆಸಿಕೊಂಡರು. ಜೀವಾವಧಿ ಶಿಕ್ಷೆಯಾಯಿತು. ಹತ್ತಿರಹತ್ತಿರ 20 ವರ್ಷ ಒಳಗಿದ್ದು 2009ರಲ್ಲಿ ಪೆರೋಲ್ ಮೇಲೆ ಹೊರಬಂದರು. ಆ ಕೊಲೆಯನ್ನೂ ಮಾಡಿದ್ದು ತಾನೇ ಎಂದು ಲೀ ಒಪ್ಪಿದ ಮೇಲೆ, 2020ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದಿತು. ಇಡೀ ಸರಣಿಯಲ್ಲಿ ಬಗೆಹರಿದಿದೆ ಎಂದುಕೊಂಡಿದ್ದ ಪ್ರಕರಣ ಅದೊಂದೇ.

ಇದು ತಿಳಿದ ಮೇಲೆ ಚಿತ್ರವನ್ನು ಮತ್ತೆ ನೋಡಿದೆ. ಸಾಂಗ್ ಕಾಂಗ್-ಹೋ ಥಿಯೇಟರಿನ ಕತ್ತಲಲ್ಲಿ ಕೊಲೆಗಾರನನ್ನು ಹುಡುಕುತ್ತಿದ್ದಾಗ ಆ ನಿರ್ದೋಷಿ ಮನುಷ್ಯ ಜೈಲಿನಲ್ಲಿ 14ನೇ ವರ್ಷ ಕಳೆಯುತ್ತಿದ್ದರು. ಅವರದೂ ಎಲ್ಲರಂಥ ಮುಖವೇ.